ಆರಡಿ ತೊಟ್ಟಿ

ಮಂಡ್ಯದ ಕೌಟುಂಬಿಕ ನ್ಯಾಯಾಲಯದ ಕಾಯುವ ಹಾಲಿಗೆ
ಆರಡಿ ಗಾಜಿನ ತೊಟ್ಟಿ ಮಂಜೂರಾಗಿ ಬಂತು.
ಮೀನು ಆರಿಸುವ ಕೆಲಸ ನನ್ನ ಟೇಬಲ್ಲಿಗೆ:
ಪರಸ್ಪರ ಹೊಂದಿಕೊಂಡು ಹೋಗುವಂಥವು,
ದೂರದ ಬೆಂಚಿಗೂ ಕಾಣುವಷ್ಟು ಗಾತ್ರದವು,
ದರಪಟ್ಟಿ ಮೂರು ಪ್ರತಿಗಳಲ್ಲಿ.

ಗುತ್ತಲು ರಸ್ತೆಯ ಜಬೀವುಲ್ಲಾ ನಕ್ಕ.
ಹೊಂದಿಕೊಳ್ಳೋ ಮೀನು ಅಂತ ಬೇರೆ ಜಾತಿ ಇಲ್ಲ ಮೇಡಂ.
ಮೊದಲು ಬಾಯಿ ನೋಡಿ, ಬಣ್ಣ ಆಮೇಲೆ.
ಬಾಯೊಳಗೆ ಹಿಡಿಸೋದೆಲ್ಲ ಅದಕ್ಕೆ ಊಟ.
ಆಸ್ಕರ್ ತೋರಿಸಿದ; ನಾಯಿಮರಿಯಂತೆ ಕೈಯತ್ತ ಓಡಿ ಬಂತು.
ಇದು ನಿಮ್ಮ ಗುರುತು ಹಿಡಿಯುತ್ತೆ, ಪಕ್ಕದವನನ್ನ ನುಂಗುತ್ತೆ.
ನನಗೆ ಒಂದಿಬ್ಬರು ನೆನಪಾದರು,
ಹೆಸರು ಹೇಳುವಂತಿಲ್ಲ.

ಟೈಗರ್ ಬಾರ್ಬ್ ಬೇಡ, ಉದ್ದ ರೆಕ್ಕೆ ಕಂಡರೆ
ಸೆರಗು ಜಗ್ಗುವ ಪುಂಡನ ಹಾಗೆ, ಸುಮ್ಮನಿರಲಾರದು.
ಕಪ್ಪು ಪಟ್ಟೆಯ ಕಾನ್ವಿಕ್ಟ್ ಬೇಡ,
ಮೊಟ್ಟೆ ಇಟ್ಟ ದಿನದಿಂದ ಗಂಡ ಹೆಂಡತಿ ಒಂದಾಗಿ
ಇಡೀ ತೊಟ್ಟಿಯನ್ನು ಮೂಲೆಗೆ ಒತ್ತುತ್ತವೆ.
ಒಂದಾಗಿಯೇ? ಅಂದೆ.
ಹೌದು ಮೇಡಂ, ಅದೊಂದರಲ್ಲಿ ಅವು ಗಟ್ಟಿ.
ಬಾಲಾ ಶಾರ್ಕ್ ಈಗ ಬೆರಳುದ್ದ, ನಾಳೆ ಅಡಿಯುದ್ದ.
ಇವತ್ತಿನ ಅಳತೆಗೆ ಮರುಳಾಗಬೇಡಿ.

ದರಪಟ್ಟಿಯ ಬೆನ್ನಿಗೆ ಸಾಲಾವಳಿ ಬರೆದುಕೊಂಡೆ:
ಮೇಲಿನ ನೀರಿಗೆ ಪರ್ಲ್ ಗೌರಾಮಿ ನಾಲ್ಕು, ಗಂಡು ಒಂದೇ.
ನಡುವಿಗೆ ರೇನ್‌ಬೋ ಎಂಟು,
ಅರ್ಧ ಮೈ ನೀಲಿ, ಅರ್ಧ ಕಿತ್ತಳೆ,
ಉಳಿದ ಎರಡು ತುಂಡು ಬಟ್ಟೆ ಸೇರಿಸಿ ಹೊಲಿದ ಹಾಗೆ.
ಎಂಟಿದ್ದರೆ ಸಿಟ್ಟು ಹಂಚಿಹೋಗುತ್ತೆ ಮೇಡಂ,
ಎರಡೇ ಇದ್ದರೆ ಎಲ್ಲ ಒಬ್ಬರ ಮೇಲೇ.
ತಳಕ್ಕೆ ಕ್ಲೌನ್ ಲೋಚ್ ಐದು, ಮೀಸೆಯವು.
ಒಂಟಿ ಸೆವೆರಮ್, ಅದನ್ನು ಕೊನೆಗೆ ಬಿಡಿ,
ದೊಡ್ಡವನು ಮೊದಲು ಬಂದರೆ
ಮನೆ ತನ್ನದೇ ಅಂದುಕೊಳ್ಳುತ್ತಾನೆ.
ಬೋರಿನ ಗಡಸು ನೀರು ಬೇಡ, ಕಾವೇರಿ ನಲ್ಲಿಯದು
ಎರಡು ದಿನ ಡ್ರಮ್ಮಿನಲ್ಲಿ ಕೂತು ಕ್ಲೋರಿನ್ ಬಿಡಲಿ.

ಮೊದಲ ತಿಂಗಳು ಬರೀ ನೀರು.
ಕಣ್ಣಿಗೆ ಕಾಣದವು ಮೊದಲು ಸಂಸಾರ ಹೂಡಬೇಕಂತೆ.
ದಫೇದಾರ್ ಬೊಮ್ಮಲಿಂಗಯ್ಯ ದಿನಾ ಚಿಟಿಕೆ ಮೇವು ಹಾಕಿ
ಯಾರೂ ಇಲ್ಲದ ಪಂಕ್ತಿಗೆ ಬಡಿಸುತ್ತಿದ್ದ.
ಕಕ್ಷಿದಾರರು ಬಗ್ಗಿ ನೋಡಿ, ಗುಳ್ಳೆ ಎಣಿಸಿ,
ಸರ್ಕಾರದ ಕೆಲಸ ಅಂದುಕೊಂಡು ಕೂತರು.

ಮೀನು ಬಂದ ವಾರ, ಒಂದು ಶನಿವಾರ,
ಅಪ್ಪನ ಪಾಳಿಗೆಂದು ಬಂದ ಮೋಕ್ಷಿತ್, ಆರು ವರ್ಷ,
ಗಾಜಿಗೆ ಮೂಗು ಒತ್ತಿ ಕೂಗಿದ: ಮೀನು ಸತ್ತೋಗದೆ!
ಲೋಚು ಕಲ್ಲಿನ ಮಗ್ಗುಲಿಗೆ ಅಡ್ಡಬಿದ್ದಿತ್ತು.
ಎಡದ ಬೆಂಚಿನಿಂದ ಅವನವ್ವ ಎದ್ದಳು,
ಬಲದ ಬೆಂಚಿನಿಂದ ಅಪ್ಪ,
ಫೈಲು ಕಂಕುಳಿಗೆ ಸಿಕ್ಕಿಸಿ ವಕೀಲರೂ.
ಒಂದೇ ಗಾಜು, ಆರೇಳು ಮುಖ,
ಯಾರದೋ ಉಸಿರಿಗೆ ಮಂಜು ಕಟ್ಟಿತು.
ಕಿವಿರು ಆಡ್ತದೆ, ಅಂದಳು.
ಎಲ್ಲಿ? ಅಂದ.
ಅಲ್ಲಿ.
ಜಬೀವುಲ್ಲಾ ಮೊದಲೇ ಹೇಳಿದ್ದ,
ಅದು ಮಲಗೋದೇ ಹಾಗೆ, ಹೆಣದ ಹಾಗೆ.
ನಾನು ಹೇಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಕೂತೆ.
ಎರಡು ನಿಮಿಷಕ್ಕೆ ಅದು ಎದ್ದು, ಮೀಸೆ ಕೊಡವಿ ಹೋಯಿತು,
ಇವರು ತಂತಮ್ಮ ಬೆಂಚಿಗೆ ಹೋದರು.
ತೀರ್ಪು ಮುಂದಿನ ತಿಂಗಳು ಬಂತು. ಅದು ಬೇರೆ ಮಾತು.

ಸೆವೆರಮ್ ಬಿಡುವ ದಿನ ಮೊಣಕೈವರೆಗೆ ಮುಳುಗಿಸಿ
ಕಲ್ಲೆಲ್ಲ ಜಾಗ ಬದಲಿಸಿದೆ.
ಹಳಬರಿಗೆ ಗಡಿ ಮರೆತುಹೋಗಬೇಕಂತೆ,
ಆಗ ಎಲ್ಲರೂ ಅಂದೇ ಬಂದವರು.
ಕೈ ಒರೆಸಿಕೊಂಡೆ. ಹಾಲಿನಲ್ಲಿ ಯಾರೂ ಇರಲಿಲ್ಲ.
ಬೆಂಚುಗಳನ್ನೂ ಒಂದಿಷ್ಟು ಎಳೆದಾಡಿದೆ,
ಒಂದು ಕಿಟಕಿಗೆ, ಒಂದು ಓರೆಗೆ, ಒಂದು ತೊಟ್ಟಿಗೆ ಮುಖವಾಗಿ.

ಬೆಳಿಗ್ಗೆ ಬಂದರೆ
ಕಸ ಗುಡಿಸುವವರು ಮತ್ತೆ ಎದುರುಬದುರು ಇಟ್ಟಿದ್ದರು.
ರಿಜಿಸ್ಟರು ತೆಗೆದೆ. ಇರಬೇಕಾದ್ದು ಹದಿನೆಂಟು,
ಎಣಿಸಿದರೆ ಹದಿನೇಳು.
ಒಂದು, ಬಹುಶಃ, ಕಲ್ಲಿನ ಹಿಂದೆ.