ಶುಕ್ರವಾರದ ಲೆಕ್ಕ

ನಿಟುವಳ್ಳಿಯ ನರ್ಸಿಂಗ್ ಹಾಸ್ಟೆಲ್ಲು,
ಮೂರು ಮಹಡಿ, ತೊಂಬತ್ತಾರು ಹುಡುಗಿಯರು.
ಟೇಪು ಹಿಡಿದು ತಾರಸಿ ಹತ್ತಿದೆ.
ಸಿಮೆಂಟಿನ ತೊಟ್ಟಿ, ಅದರ ಮುಚ್ಚಳದ ಮೇಲೆ
ಯಾರೋ ಮರೆತ ಏಪ್ರನ್ನು.

"ದೊಡ್ಡದೇ ಹಾಕ್ರಿ," ಅಂದರು ವಾರ್ಡನ್ ಸರ್ವಮಂಗಳಾ,
"ಸಾಲದೆ ಹೋದರೆ ಬೈಸಿಕೊಳ್ಳೋಳು ನಾನು."
ನನಗಿಂತ ಮೊದಲು ಬಂದಿದ್ದ ಕಂಪನಿಯವ
ಇಪ್ಪತ್ತೈದು ಕಿಲೋವ್ಯಾಟ್ ಬರೆದು
ಕೆಳಗೆ ಎರಡು ಗೆರೆ ಎಳೆದು ಹೋಗಿದ್ದ.

ಹೇಗೆ ಹೇಳಲಿ,
ಅಳತೆ ಮೀರಿದ ಯಂತ್ರ ಬೇಗ ಉಂಡು ಬೇಗ ಏಳುತ್ತದೆ,
ಎದ್ದದ್ದು ಮತ್ತೆ ಕೂರುತ್ತದೆ,
ಏಳುತ್ತ ಕೂರುತ್ತಲೇ ಮಂಡಿ ಸವೆಸಿಕೊಳ್ಳುತ್ತದೆ.
ಚಿಕ್ಕದಾದರೋ, ಇರುಳೆಲ್ಲ ಓಡಿಯೂ
ಕೊನೆಯ ಬಚ್ಚಲಿಗೆ ಬರೀ ಉಗುರುಬೆಚ್ಚಗೆ.

ಬೆಂಕಿಯಿಲ್ಲದ ಒಲೆ ಇದು.
ಗಾಳಿಯ ಕಾವನ್ನು ಕಡ ತಂದು ನೀರಿಗೆ ಕೊಡುತ್ತದೆ.
ಏಪ್ರಿಲ್ಲಿನಲ್ಲಿ ಈ ಊರಿನ ಗಾಳಿ ಕೇಳಿದಷ್ಟು ಕೊಟ್ಟೀತು,
ಆಗ ಬಿಸಿನೀರು ಯಾರಿಗೆ ಬೇಕು?
ಪುಷ್ಯದ ನಸುಕಿಗೆ ಅದೇ ಗಾಳಿ ಕೈ ಬಿಗಿ ಹಿಡಿಯುತ್ತದೆ.
ಕ್ಯಾಟಲಾಗಿನ ಅಂಕಿ ಬೇಸಿಗೆಯ ಮಧ್ಯಾಹ್ನದ್ದು,
ನನಗೆ ಬೇಕಾದ್ದು ಆ ಬೆಳಗಿನ ಐದು ಗಂಟೆ.

ತಲೆಗೆ ಇಪ್ಪತ್ತೈದು ಲೀಟರು,
ಮೂವತ್ತು ಡಿಗ್ರಿ ಏರಿಸಿ, ಎಂಟು ತಾಸಿಗೆ ಹಂಚಿದೆ.
ಹತ್ತೂವರೆ ಬಂತು.
ಅದನ್ನೇ ನೋಡುತ್ತ ಕೂತೆ.
ತಲೆಗೆ ಇಪ್ಪತ್ತೈದು ಅಂತ ಹೇಳಿದ್ದು ಯಾರು?
ಪುಸ್ತಕ.

ಹಿತ್ತಲಿನ ನೀರೊಲೆಯ ಕೋಣೆಗೆ ಹೋದೆ.
ಮೆಕ್ಕೆಜೋಳದ ದಿಂಡಿನ ರಾಶಿ, ಪಕ್ಕದಲ್ಲಿ
ಹದಿನೇಳು ವರ್ಷದ ಹೊಗೆಗೆ ಕಣ್ಣು ಕಿರಿದಾದ ಉಚ್ಚೆಂಗೆಮ್ಮ.
"ಎಲ್ಲಾರೂ ಒಂದೇ ಅಲ್ಲ ತಂಗಿ.
ರಾತ್ರಿ ಡ್ಯೂಟಿಯವರು ಎಂಟಕ್ಕ ಬರ್ತಾರ.
ಆ ಮೂಲಿ ರೂಮಿನಾಕಿದು ತಣ್ಣೀರೇ, ಹಟ.
ಭಾನುವಾರ ಹನ್ನೊಂದರ ತನಕ ಏಳಂಗಿಲ್ಲ.
ಶುಕ್ರವಾರ ನೋಡು, ತಲಿ ನೀರು.
ಅವತ್ತು ನನ್ನ ಜೀವ ತಿಂತಾವು."

ಗೋಡೆಯ ಮೇಲೆ ಇದ್ದಿಲ ಗೀಟು,
ಐದೈದರ ಕಟ್ಟು, ದಿನಕ್ಕೊಂದು ಸಾಲು,
ಸುಣ್ಣದಡಿ ಅರ್ಧ ಮುಳುಗಿದ ಹಳೆಯ ವರ್ಷಗಳು.
ಕುಕ್ಕರಗಾಲಲ್ಲಿ ಕೂತು ಎಣಿಸಿದೆ:
ಬರಿ ದಿನ ತೊಂಬತ್ತು ಬಕೆಟ್ಟು,
ಶುಕ್ರವಾರ ನೂರಾ ಅರವತ್ತು.

ಹತ್ತೂವರೆ ಅಳಿಸಿ ಎಂಟು ಬರೆದೆ.
ತೊಟ್ಟಿ ದೊಡ್ಡದಿರಲಿ. ಒಂದು ದಿನದ ಹಸಿವಿಗೆ
ವಾರವಿಡೀ ದೊಡ್ಡ ಹೊಟ್ಟೆ ಹೊರುವುದು ಬೇಡ;
ಗುರುವಾರ ಮಾತ್ರ
ಸಂಜೆ ನಾಲ್ಕಕ್ಕೇ ಶುರುವಾಗಲಿ.
ಸರ್ವಮಂಗಳಾ ಎಂಟನ್ನು ಬಹಳ ಹೊತ್ತು ನೋಡಿ
ಸಹಿ ಹಾಕಿದರು, ಸಣ್ಣದಾಗಿ.

ಸಂಕ್ರಾಂತಿ ಕಳೆದ ಮೊದಲ ಬೆಳಗು.
ಉಚ್ಚೆಂಗೆಮ್ಮನಿಗೆ ಈಗ ಅಡುಗೆಮನೆಯ ಕೆಲಸ,
ಆದರೂ ಬಂದು ನಲ್ಲಿಯ ಕೆಳಗೆ ಮುಂಗೈ ಒಡ್ಡಿದರು.
"ಇನ್ನೆರಡು ದಿಂಡು ಬೇಕಿತ್ತು."
ಎರಡು ಡಿಗ್ರಿ ಏರಿಸಿದೆ.

ಗುನುಗುವ ಬಿಳಿ ಪೆಟ್ಟಿಗೆಯ ಸುತ್ತ ಒಂದು ಸಲ ತಿರುಗಿ ಕೇಳಿದರು:
"ಇದಕ್ಕ ಗುರುವಾರ ಅಂದ್ರ ಗೊತ್ತೈತೇನು?"
ಗೊತ್ತಿದೆ ಅಂದೆ.
ನಂಬಲಿಲ್ಲ.
ಒಲೆಯ ಬೂದಿ ಕೆದಕಿ, ಒಂದು ಇದ್ದಿಲು ಆರಿಸಿ,
ಅದರ ಹೊಸ ಬಗಲಿಗೆ
ಮೊದಲ ಗೀಟು ಎಳೆದರು.