ಹದಿನೆಂಟು, ಇಪ್ಪತ್ತೈದು

ತಾರ್ತುವಿನ ನೆಲಮಾಳಿಗೆ. ವಿರ್ವೆಯ ಮುಂದೆ
ಸುರುಳಿಯಿಲ್ಲ, ಅದರ ನಕಲು ಟೇಪಷ್ಟೇ.
ಸೆಕೆಂಡಿಗೆ ಹದಿನೆಂಟು ಚಿತ್ರ ಹಿಡಿದಿತ್ತು ಕ್ಯಾಮೆರಾ;
ಇಪ್ಪತ್ತೈದು ಕೇಳುವ ಟೀವಿಗೆಂದು
ಯಾರೋ ಏಳನ್ನು ಎರಡೆರಡು ಸಲ ಅಂಟಿಸಿ
ಲೆಕ್ಕ ಒಪ್ಪಿಸಿದ್ದಾರೆ.
ಅದಕ್ಕೇ ದೋಣಿ ನೀರಲ್ಲಿ ಬಿಕ್ಕುತ್ತದೆ,
ಹೆರಿಂಗ್ ಮೀನು ತಡೆದು ತಡೆದು ಬುಟ್ಟಿಗೆ ಬೀಳುತ್ತದೆ.

ಹಿಂದಿನದರ ಹಾಗೇ ಇದ್ದದ್ದನ್ನೆಲ್ಲ ಕಿತ್ತುಹಾಕು
ಎಂದಳು ಯಂತ್ರಕ್ಕೆ.
ಕಿತ್ತಿತು. ದೋಣಿ ಸಲೀಸಾಯಿತು.
ಆದರೆ ಜೆಟ್ಟಿಯ ತುದಿಯಲ್ಲಿ ಸಾಲ್ಮೆ ಅಜ್ಜಿ,
ಹರಿದ ಬಲೆ ಮಡಿಲಲ್ಲಿಟ್ಟು ಕಡಲು ನೋಡುತ್ತ
ಇಪ್ಪತ್ತು ಸೆಕೆಂಡು ಇದ್ದವಳು
ಎವೆ ಮುಚ್ಚಿ ತೆರೆಯುವಷ್ಟಕ್ಕೆ ಇಳಿದಳು.

ವಿರ್ವೆ ಪರದೆಗೆ ಮೂಗು ತಾಗಿಸಿ ನೋಡಿದಳು:
ಪ್ರತಿ ಚಿತ್ರಕ್ಕೂ ಧೂಳಿನ ಚುಕ್ಕೆ ಬೇರೆ ಬೇರೆ ಕಡೆ.
ನಕಲಲ್ಲ.
ಮುದುಕಿ ಅಲ್ಲಾಡದೆ ಕೂತೇ ಇದ್ದಳು, ಅಷ್ಟೆ.

ಕಿತ್ತ ಮುನ್ನೂರು ಚಿಲ್ಲರೆ ಚಿತ್ರಗಳನ್ನು
ಕೈಯಾರೆ, ಒಂದೊಂದಾಗಿ,
ಮತ್ತೆ ಕೂರಿಸಿದಳು.