ಹುರುಪೆಯಷ್ಟು ಸೊನ್ನೆ

ಕೈಗಾ ಕಡೆ ಬದಲಿಯಾಗಿ ಹೋಗುವಾಗ ನರ್ಸ್ ಲವೀನಾ
ಅರ್ಧ ಬೆಲೆಗೆ ಕೊಟ್ಟುಹೋದ ಪಾಟಿ ಇದು.
ಇ-ರೀಡರ್ ಎನ್ನಬೇಕಂತೆ.
ಗಾಜಿನ ಮೂಲೆಯಲ್ಲಿ ಒಂದು ಸಣ್ಣ ಅ, ಒಂದು ದೊಡ್ಡ ಅ,
ನಡುವೆ ಒಂಬತ್ತು ಚುಕ್ಕೆ.
"ಹಿತವಾದಲ್ಲಿ ನಿಲ್ಲಿಸಿಕೊಳ್ಳಿ" ಎಂದಳು,
ಫ್ಯಾನಿನ ರೆಗ್ಯುಲೇಟರ್ ತೋರಿಸುವವಳ ಹಾಗೆ.

ನನಗೆ ಅಕ್ಷರದ ಅಳತೆ ಹೇಳಿಕೊಡುವುದೆ?
ಮೂವತ್ತೊಂದು ವರ್ಷ ಬೈತಖೋಲದ ದೋಣಿಗಳಿಗೆ
ಹೆಸರು ಬರೆದವನು ನಾನು.
ನಂಬರು ಕಾಣಿಸುವುದಿಲ್ಲ ಎಂದು ಇಲಾಖೆಯವರು
ವಾಪಸು ಕಳಿಸಿದ ದೋಣಿ ಒಂದೂ ಇಲ್ಲ.
ಪುಂಡಲೀಕ ಮೇಸ್ತ್ರಿ ಕುಂಚ ಕೊಡುವ ಮೊದಲು
ನನ್ನನ್ನು ಧಕ್ಕೆಯ ತುದಿಗೆ ಓಡಿಸಿ ಕೂಗುತ್ತಿದ್ದ:
"ಅಲ್ಲಿಂದ ಓದು. ಓದಲಾಗದಿದ್ದರೆ
ಅದು ಹೆಸರಲ್ಲ, ಬಣ್ಣ."
ಗೇಣೆತ್ತರದ ಅಕ್ಷರ, ಎರಡು ಬೆರಳಗಲ ಗೆರೆ,
ಒತ್ತಿಗೆ ಕೆಳಗೆ ಜಾಗ ಬಿಡಬೇಕು,
ಇಲ್ಲವಾದರೆ ಲಕ್ಷ್ಮಿಯ ಕಾಲು ನೀರಿಗೆ.

ದೂರ ಗೊತ್ತಿತ್ತು. ಹತ್ತಿರ ಗೊತ್ತಿರಲಿಲ್ಲ.

ಎರಡನೆಯ ಚುಕ್ಕೆಯಲ್ಲಿ ಶುರುಮಾಡಿದೆ, ಹಟಕ್ಕೆ.
ಕಾದಂಬರಿಯ ಹನ್ನೊಂದನೇ ಪುಟದಲ್ಲಿ
ವರ ಅಡ್ಡ ಬಿದ್ದು ಘಟ್ಟದ ದಾರಿ ಮುಚ್ಚಿಹೋಗಿತ್ತು.
ಕುಡಿದಿರಬೇಕು ಪಾಪ, ಎಂದುಕೊಂಡೆ.
ಮುಂದಿನ ಸಾಲಿನಲ್ಲಿ ಜನ ಸೇರಿ ಗರಗಸ ತಂದರು.
ಗಾಬರಿಯಾಗಿ ಒಂದು ಚುಕ್ಕೆ ಏರಿಸಿದೆ.
ಮರ.
ಬಿದ್ದದ್ದು ಮರ.

ಅಲ್ಲಿಂದ ಒಮ್ಮೆಗೇ ಒಂಬತ್ತಕ್ಕೆ ಹಾರಿದೆ.
ಪುಟಕ್ಕೆ ಆರೇ ಶಬ್ದ.
'ಅವಳು' ಈ ಪುಟದಲ್ಲಿ, 'ಅತ್ತಳು' ಮುಂದಿನದರಲ್ಲಿ;
ಹಳೇ ಚಾಳಿ, ನಾಲಿಗೆಗೆ ಬೆರಳು ಮುಟ್ಟಿಸಿ ತಿರುಗಿಸುವಷ್ಟರಲ್ಲಿ
ಅಳು ಒಣಗಿರುತ್ತಿತ್ತು.

ಐದು ನನ್ನ ಕಣ್ಣಿಗೆ ಸರಿ. ಕನ್ನಡಕ ಹಾಕಿದರೆ ನಾಲ್ಕು.
ಸಂಜೆ ಕೋಡಿಬಾಗದ ಬಿಸಿಲು ಕಿಟಕಿಯಲ್ಲಿ ಅಡ್ಡಬಿದ್ದಾಗ
ನಾಲ್ಕೂವರೆ ಬೇಕೆನಿಸುತ್ತದೆ, ಅದು ಇಲ್ಲ.
ಸಾಲುಗಳ ನಡುವಿನ ಅಂತರಕ್ಕೆ ಬೇರೆಯೇ ಚುಕ್ಕೆಗಳಿವೆ.
ಅದನ್ನು ಪೂರ್ತಿ ಬಿಟ್ಟುಕೊಟ್ಟೆ,
ಒತ್ತಕ್ಷರಗಳು ಕಾಲು ಚಾಚಿ ಮಲಗಲಿ ಎಂದು.

ಇಷ್ಟಕ್ಕೆ ಮುಗಿಯಬೇಕಿತ್ತು.
ಪಕ್ಕದಲ್ಲಿ ಶೇವಂತಿ, ಮಣೆಗತ್ತಿ ಹಾಕಿ ಕೂತು
ತಾರ್ಲಿ ಹೆರೆಯುತ್ತಾಳೆ.
ಶಾಲೆಗೆ ಹೋದವಳಲ್ಲ. ಓದಲು ಕಲಿತದ್ದು
ಧಕ್ಕೆಯಲ್ಲಿ ಬುಟ್ಟಿ ಹಿಡಿದು ಕಾಯುತ್ತ,
ಬರುವ ದೋಣಿಗಳ ಮೂತಿ ನೋಡಿ. ಎಲ್ಲ ನನ್ನದೇ ಅಕ್ಷರ.
ಗೇಣಿಗಿಂತ ಚಿಕ್ಕದನ್ನು ಅವಳು
ಅಕ್ಷರವೆಂದು ಒಪ್ಪುವುದು ಕಷ್ಟ.
"ಜರಾ ದೊಡ್ಡದು ಮಾಡಿ" ಎನ್ನುತ್ತಾಳೆ, ಕತ್ತಿಯಿಂದ ಕೈ ತೆಗೆಯದೆ.
ಆರು. "ಇನ್ನೂ." ಏಳು.
ನಾನು ಎರಡು ಸಲ ಓದಿ ಮುಗಿಸಿ
ಅವಳ ತುಟಿ ಕೊನೆಯ ಸಾಲಿಗೆ ಬರಲೆಂದು ಕಾಯುತ್ತೇನೆ,
ಕಾಳಿ ಸೇತುವೆಯ ಮೇಲೆ ಗೋವಾ ಲಾರಿಗಳನ್ನು
ಸದ್ದಿನಲ್ಲೇ ಎಣಿಸುತ್ತ.

ನಿನ್ನೆ ಪುಟ ತಿರುಗಿಸಿದ್ದು ಅವಳೇ, ತೊಳೆಯದ ಬೆರಳಲ್ಲಿ.
ಗಾಜಿನ ಮೇಲೊಂದು ಹುರುಪೆ ಉಳಿಯಿತು,
'ಕ'ಕ್ಕೂ 'ದ'ಕ್ಕೂ ಸರೀ ನಡುವೆ.
ಅಪರಾತ್ರಿ ಯಾರೋ ಕದ ತಟ್ಟುವ ಕಥೆ.
ಶೇವಂತಿ ಜೋರಾಗಿ ಓದಿದಳು:
"ಕಂದ… ತಟ್ಟಿದ… ಸದ್ದು."
ನಿಲ್ಲಿಸಿದಳು. ಬಾಗಿಲ ಕಡೆ ನೋಡಿದಳು.
ಮತ್ತೆ ಮೀನಿಗೆ ಕೈಹಾಕಿದಳು.

ಒರೆಸಬಹುದಿತ್ತು.
ಮೂರರಲ್ಲಾಗಿದ್ದರೆ ಆ ಹುರುಪೆ ಇಡೀ ಶಬ್ದವನ್ನೇ ನುಂಗುತ್ತಿತ್ತು,
ಒಂಬತ್ತರಲ್ಲಿ ಬರೀ ಕಲೆ.
ಏಳರಲ್ಲಿ ಮಾತ್ರ ಅದು ಸೊನ್ನೆ,
ಮೇಸ್ತ್ರಿಯೂ ಒಪ್ಪುವಷ್ಟು ದುಂಡು.

ಇವತ್ತು ಲವೀನಾ ಫೋನು ಮಾಡಿದ್ದಳು: "ಅಳತೆ ಕೂತಿತಾ?"
ಕೂತಿತು ಎಂದೆ.
ಪುಟ ಇನ್ನೂ ತಿರುಗಿಸಿಲ್ಲ.
ಮುಂದಿನದರಲ್ಲಿ ಅದು ಯಾವ ಶಬ್ದದ ಮೇಲೆ ಕೂರುತ್ತದೋ.
ಅವಳು ಬುಟ್ಟಿ ಖಾಲಿಮಾಡಿ ಬರಲಿ, ನೋಡೋಣ.